ಗಾದಿ ಹತ್ತಿದ ಗಿರಾಕಿ

ಸುಳ್ಳು ಹೇಳದೆ ಬಟ್ಟೆ ಮಾರುತ್ತೇನೆ ಅಂತ ಹಟ ಹಿಡಿದವನಿಗೆ ಪೇಚಾಟ ವಾರಕ್ಕೊಂದಾದರೂ ಕಾದೇ ಇರುತ್ತದೆ. ಆಗ ನಾನು ಆದೋನಿಯ ಜವಳಿ ಅಂಗಡಿಯೊಂದರಲ್ಲಿ ಬಟ್ಟೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದೆ. ಗಾದಿ ಹತ್ತಿ ಕೂತ ಗಿರಾಕಿ ಬರಿಗೈಯಲ್ಲಿ ಇಳಿಯಕೂಡದು ಅನ್ನುವುದು ನಮ್ಮ ಸಾಹುಕಾರರ ಕಟ್ಟಪ್ಪಣೆ. ಬೇಡ ಅಂದವರಿಗೆ ಗಂಟುಹಾಕುವುದು ನನ್ನಿಂದಾಗದು ಅನ್ನುವುದು ನನ್ನ ಹಟ. ಮನೆಯಲ್ಲಿ ಉಣ್ಣುವವರು ಐದು ಜನ, ದುಡಿಯುವವನು ನಾನೊಬ್ಬ. ಆದರೂ ಹಟ ಬಿಡಲಿಲ್ಲ.

ಬೋಣಿ

ಒಂದು ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೂ ಆಸ್ಪರಿ ಕಡೆಯ ರೈತನೊಬ್ಬ ಬರುವುದಕ್ಕೂ ಸರಿಹೋಯಿತು. ಮಗಳಿಗೆ ಅಂತ ಹಸಿರು ಸೀರೆ ಆರಿಸಿದ.

"ಏಮಪ್ಪಾ, ಬಣ್ಣ ಬಿಡತೈತೇನು?"

"ಬಿಡತೈತ್ರಿ ಯಜಮಾನ್ರ. ಎರಡು ಸಲ ಒಗದ್ರ ಸೀರಿ ಬೆಳ್ಳಗ, ಮನಿಮಂದಿ ಅಂಗಿ ಎಲ್ಲಾ ಹಸರು."

ರೈತ ನಗುತ್ತ ಎದ್ದು ಹೋದ. ದಿನದ ಮೊದಲ ಗಿರಾಕಿ ಕೊಳ್ಳದೆ ಹೋದರೆ ಸಂಜೆವರೆಗೂ ವ್ಯಾಪಾರ ಕುದುರುವುದಿಲ್ಲ ಅಂತ ನಂಬಿದ್ದ ಸಾಹುಕಾರರು ಕೆಂಡವಾದರು. ದೋಷ ಕಳೆಯಲು ಗಾದಿ ಇಳಿದು, ಬೀದಿಗೆ ಹೋಗಿ, ತಾವೇ ಗಿರಾಕಿಯಾಗಿ ಒಳಗೆ ಬಂದು ಕೂತರು. ಒಂದು ಟವಲು ಕೇಳಿದರು. ಎಂಟಾಣೆ ಅಂದೆ. ಅಭ್ಯಾಸಬಲ ನೋಡಿ, "ಆರಾಣೆಗೆ ಕೊಡು" ಅಂದರು.

"ಬ್ಯಾಡಾದ್ರ ಬಿಡ್ರಿ, ಒತ್ತಾಯ ಇಲ್ಲ" ಅಂದೆ.

ಮೆತ್ತನೆ ಸೀರೆ

ಚಿಪ್ಪಗಿರಿಯ ಮುದುಕಮ್ಮ ಒಬ್ಬಳು ಸುಡುಬಿಸಿಲಲ್ಲಿ ಬಂದು ಗಾದಿಯ ಮೇಲೆ ಕೂತಳು.

"ಏನೂ ಬ್ಯಾಡಪ್ಪಾ. ಬಸ್ಸಿಗೆ ಇನ್ನೂ ಹೊತ್ತೈತಿ, ನೆಳ್ಳಿಗೆ ಬಂದೀನಿ."

ನೀರು ಕೊಟ್ಟು, "ಆರಾಮ ಕುಂದ್ರವ್ವಾ" ಅಂದೆ. ಸಾಹುಕಾರರಿಗೆ ತಡೆಯಲಾಗಲಿಲ್ಲ. ತಾವೇ ಒಂದು ಸೀರೆ ಬಿಚ್ಚಿ, "ಮುಟ್ಟಿ ನೋಡವ್ವಾ, ಎಷ್ಟು ಮೆತ್ತಗೈತಿ!" ಅಂದರು.

ಆಕೆ ಮುಟ್ಟಿ ನೋಡಿ, "ಹೌದಪ್ಪಾ" ಅಂದು, ಅದನ್ನೇ ಮಡಚಿ ತಲೆಯಡಿ ಇಟ್ಟುಕೊಂಡು ಮಲಗಿಬಿಟ್ಟಳು.

ಜರಿ

ಆಕೆ ಎದ್ದು ಹೋದ ಮೇಲೆ ಸಾಹುಕಾರರು ಖಡಾಖಂಡಿತ ಹೇಳಿದರು: "ಇನ್ನೊಬ್ಬ ಗಿರಾಕಿ ನಿನ್ನ ಮಾತಿಗೆ ಬರಿಗೈಲೆ ಹೋದ್ರ, ಅವ್ರ ಹಿಂದ ನೀನೂ ಹೊಂಟುಬಿಡು."

"ಹೋಗ್ತೀನ್ರಿ. ಸುಳ್ಳಂತೂ ಹೇಳಂಗಿಲ್ಲ."

ಬಾಯಿಗೆ ಬಂದಷ್ಟು ಸುಲಭವಾಗಿ ಎದೆಗೆ ಧೈರ್ಯ ಬರಲಿಲ್ಲ. ಮರುದಿನ ಗಾದಿ ಹತ್ತಿದವರು ಸಾಕ್ಷಾತ್ ಸಾಹುಕಾರರ ಹೆಂಡತಿ, ಜೊತೆಗೆ ಮದುವೆ ನಿಶ್ಚಯವಾದ ಮಗಳು. ಅಂಗಡಿ ಆಗಲೇ ತುಂಬಿತ್ತು. ಅತ್ತ ಕೂತ ಗಿರಾಕಿಗಳಿಗೆ ಸಾಹುಕಾರರು ಆಣೆ ಇಟ್ಟು ಹೊಗಳುತ್ತಿದ್ದ ಜರಿ ಸೀರೆಯನ್ನೇ ಆಕೆ ಕೈಗೆತ್ತಿಕೊಂಡು ನನ್ನನ್ನು ಮೆಲ್ಲಗೆ ಕೇಳಿದರು:

"ತಮ್ಮಾ, ಇವ್ರ ಮಾತು ಬ್ಯಾಡ, ನೀ ಹೇಳು. ಧಾರಿಗೆ ಉಡೂ ಸೀರಿ. ಜರಿ ಕಪ್ಪಾಗಂಗಿಲ್ಲ ಹೌದಲ್ಲೋ?"

ನನ್ನ ಐದು ಜನರ ಅನ್ನ ಆ ಜರಿಯಲ್ಲಿ ಸಿಕ್ಕಿಕೊಂಡಿತ್ತು.

"ಆಗತೈತ್ರಿ ಅವ್ವಾರ. ವರ್ಷ ತುಂಬೂದ್ರಾಗ" ಅಂದವನೇ ಚಪ್ಪಲಿ ಹುಡುಕತೊಡಗಿದೆ.

"ಹಂಗಾರ ಎಲ್ಲಿ ತಗೋಬೇಕು?"

"ಸಾಹುಕಾರ್ರನ್ನ ಕೇಳ್ರಿ."

ಸಾಹುಕಾರರು ಎದ್ದು ಬಂದರು. ಸೀರೆ ನೋಡಿದರು, ಮಗಳ ಮುಖ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ ಉಸುರಿದರು:

"ಎದುರಿನ ಅಂಗಡಿಗೆ ಕರಕೊಂಡು ಹೋಗು, ನೀನ ನಿಂತು ಆರಿಸು. ಲಗೂ ಬಾ, ಇಲ್ಲಿ ಕೆಲಸ ಐತಿ. ಹಿತ್ತಲ ಬಾಗಲಿಂದ ಹೋಗ್ರಲೇ, ಗಿರಾಕಿ ನೋಡ್ಯಾರು!"