ತಳ್ಳದೆ ಹೊರಟ ಕಾರು

ಹೊಸ ಕಾರು ಸದ್ದು ಮಾಡಲಿಲ್ಲ. ನಕ್ಷೆಗಾರನ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ಗುಂಡಿ ಒತ್ತಿದ. ಎದುರಿಗೆ ಒಂದು ನೀಲಿ ದೀಪ ಹತ್ತಿತು. ಅಷ್ಟೇ. ಕೆಮ್ಮಲಿಲ್ಲ, ನಡುಗಲಿಲ್ಲ, ಹಿಂದಿನಿಂದ ಹೊಗೆ ಬಿಡಲಿಲ್ಲ. ಸ್ಟಾರ್ಟ್ ಆಯಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಒತ್ತಿದ, ದೀಪ ಆರಿತು. ಮತ್ತೆ ಒತ್ತಿದ, ಹತ್ತಿತು. ಪಕ್ಕದಲ್ಲಿ ಕೂತಿದ್ದ ಮಗಳು, ‘ಅಪ್ಪಾ, ಅದು ಕಾಲಿಂಗ್ ಬೆಲ್ ಅಲ್ಲ’ ಅಂದಳು.

ಮಗಳು ಪಕ್ಕದಲ್ಲಿ ಕೂತಿದ್ದೇ ದೊಡ್ಡ ಮಾತು. ಕಾಲೇಜು ಸೇರಿದ ಮೇಲೆ ಅವಳು ಅಪ್ಪನ ಹಳೇ ಕಾರು ಹತ್ತಿರಲಿಲ್ಲ. ಬೂದು ಬಣ್ಣದ ಆ ಚೌಕಾಕಾರದ ಕಾರಿಗೆ ಬೀದಿಯವರು ಡಬ್ಬಿ ಎಂದು ಹೆಸರಿಟ್ಟಿದ್ದರು. ಹೆಸರು ಕಾರಿನ ಮೇಲೆ ಸುಮ್ಮನೆ ಕೂರದೆ ಒಳಗೆ ಕೂತವನ ಮೇಲೂ ಹತ್ತಿ, ಅಲ್ಲಿಂದ ನೀರು ಸರಬರಾಜು ಕಚೇರಿಗೂ ಹೋಗಿ, ಪೈಪುಗಳ ನಕ್ಷೆ ಬರೆಯುವ ಈ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು ಎಂಬುದನ್ನೇ ಎಲ್ಲರೂ ಮರೆತಿದ್ದರು. ಕಾಲೇಜಿನಲ್ಲಿ ಮಗಳು ‘ಡಬ್ಬಿ ಮಗಳು’ ಆದ ದಿನ ಅವನು ಊಟ ಬಿಟ್ಟು ಎದ್ದಿದ್ದ. ಹೊಸ ಕಾರು ತಂದದ್ದು ಓಡಾಡುವುದಕ್ಕಲ್ಲ, ಆ ಹೆಸರನ್ನು ಕಳಚಿ ಎಸೆಯುವುದಕ್ಕೆ.

ಇನ್ನೊಂದು ಕಾರಣವೂ ಇತ್ತು. ಡಬ್ಬಿ ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹನ್ನೆರಡು ವರ್ಷಗಳಿಂದ ಬೆಳಗಿನ ಹೊತ್ತಿಗೆ ಬೀದಿಯ ಮೂವರು ಬಂದು ಅದರ ಬೆನ್ನಿಗೆ ಕೈ ಹಚ್ಚುತ್ತಿದ್ದರು. ಎಡಗಡೆಗೆ ಶಾಲೆಯಿಂದ ನಿವೃತ್ತರಾದ ಡ್ರಿಲ್ ಮಾಸ್ತರು, ಬಾಯಲ್ಲಿ ಸೀಟಿ. ನಡುವೆ ಹಲ್ಲಿನ ಡಾಕ್ಟರು. ಬಲಗಡೆಗೆ ಟೈಲರ್. ಟೈಲರ್ ತನ್ನ ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಡಬ್ಬಿ ಒಂದೇ ನೂಕಿಗೆ ಏಳುತ್ತಿತ್ತು. ಮೂವರೂ ದಿನವೂ ಬೈಯುತ್ತಿದ್ದರು. ‘ಇದನ್ನ ಗುಜರಿಗೆ ಹಾಕೋ ಮಾರಾಯ’ ಎಂದು ಮಾಸ್ತರು ಹೇಳದ ದಿನವಿರಲಿಲ್ಲ. ಸಂಕೋಚದಿಂದ ಕುಗ್ಗಿಹೋಗಿದ್ದ ನಕ್ಷೆಗಾರ ಹಿಂದಿನ ದಿನ ಯಾರಿಗೂ ಹೇಳದೆ ಅದನ್ನೇ ಮಾಡಿದ್ದ.

ಈಗ ಮೂವರೂ ಗೇಟಿನ ಹೊರಗೆ ತೋಳು ಮಡಚಿ ನಿಂತಿದ್ದರು. ಹೊಸ ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಗೇಟು ದಾಟಿ ಅವರ ಮುಂದೆ ಬಂದು ನಿಂತಿತು. ಮಾಸ್ತರ ಬಾಯಿಂದ ಸೀಟಿ ಜಾರಿ ದಾರದಲ್ಲಿ ನೇತಾಡಿತು.

ನಕ್ಷೆಗಾರ ಗಾಜು ಇಳಿಸಿದ. ‘ಇನ್ನು ಮೇಲೆ ನಿಮಗೆ ತೊಂದ್ರೆ ಇಲ್ಲ, ಮೇಷ್ಟ್ರೇ.’

‘ತೊಂದ್ರೆ ಅಂತ ನಿಂಗೆ ಯಾರು ಹೇಳಿದ್ದು?’

‘ನೀವೇ. ದಿನಾ ಹೇಳ್ತಿದ್ರಲ್ಲ.’

‘ನಮ್ಮ ಮನೆಯವಳಿಗೂ ದಿನಾ ಹೇಳ್ತೀನಿ. ಅವಳೇನು ಮನೆ ಬಿಟ್ಟು ಹೋದಳಾ?’

ಡಾಕ್ಟರು ಹೊಸ ಕಾರಿನ ಬಾನೆಟ್ಟನ್ನು ಬೆರಳಿಂದ ತಟ್ಟಿ, ಹುಳುಕು ಹಲ್ಲು ಸಿಕ್ಕವರಂತೆ ಮುಖ ಮಾಡಿದರು. ಅವರಿಗೂ ಒಂದು ಕಾಲದಲ್ಲಿ ಕಾರಿತ್ತು, ಮೇಲೆ ಕೆನೆ ಬಣ್ಣ, ಕೆಳಗೆ ಹಸಿರು. ಅದನ್ನು ಮಾರಿದ ಮೇಲೆ ಬಂದ ಕಾರುಗಳೆಲ್ಲ ಕಟ್ಟಿಸಿದ ಹಲ್ಲು, ಹುಟ್ಟಿದ ಹಲ್ಲಲ್ಲ ಎಂಬುದು ಅವರ ಮತ. ಹಳೆಯದು ಎಲ್ಲಿ ಎಂದು ಕೇಳಿದರು. ನಕ್ಷೆಗಾರ ತಗ್ಗಿದ ದನಿಯಲ್ಲಿ ಗುಜರಿ ಅಂದ. ಡಾಕ್ಟರು ಕನ್ನಡಕ ತೆಗೆದರು.

ಆಮೇಲೆ ಮಾತು ಕಟ್ಟೆಯೊಡೆದ ಹಾಗೆ ಬಂತು. ಆ ಕಾರು ತಳ್ಳಿ ತಳ್ಳಿಯೇ ತನ್ನ ಸಕ್ಕರೆ ಕಾಯಿಲೆ ಹದದಲ್ಲಿತ್ತು ಎಂದು ಡಾಕ್ಟರು. ನಿವೃತ್ತನಾದ ಮೇಲೆ ತಾನು ಸೀಟಿ ಊದುವುದಕ್ಕೆ ಭೂಮಿಯ ಮೇಲೆ ಉಳಿದಿದ್ದು ಅದೊಂದೇ ಜಾಗ ಎಂದು ಮಾಸ್ತರು. ಟೈಲರ್‌ಗೆ ಎಲ್ಲಕ್ಕಿಂತ ದೊಡ್ಡ ಹಕ್ಕು.

‘ಅದರ ಸೀಟಿನ ಕವರ್ ಹೊಲಿದೋನು ನಾನು. ನನ್ನ ಮಗ ಹುಟ್ಟಿದ್ದೂ ಅದರಲ್ಲೇ.’

‘ಹುಟ್ಟಿದ್ದು ಆಸ್ಪತ್ರೆಲಿ’ ಅಂದ ನಕ್ಷೆಗಾರ.

‘ಆಸ್ಪತ್ರೆ ಬಾಗಿಲ ತನಕ ತಳ್ಕೊಂಡು ಹೋದೋರು ನಾವು. ಅರ್ಧ ಹುಟ್ಟಿದ್ದು ಅಲ್ಲೇ.’

ಮಗಳು ಗಡಿಯಾರ ನೋಡಿದಳು. ನಕ್ಷೆಗಾರ ಗಾಜು ಏರಿಸಿದ. ಕಾರು ಹೊರಟಿತು. ಕನ್ನಡಿಯಲ್ಲಿ ನೋಡಿದರೆ ಮೂವರೂ ಕೈ ಮುಂದೆ ಚಾಚಿ ಹಾಗೇ ನಿಂತಿದ್ದರು, ತಳ್ಳುವುದಕ್ಕೆ ಗಾಳಿ ಬಿಟ್ಟು ಬೇರೇನೂ ಇಲ್ಲದೆ.

ಅವನಿಗೆ ಕಾರಿನಲ್ಲಿ ಕೂರಲಾಗಲಿಲ್ಲ. ಎಡಗಾಲಿಗೆ ಕೆಲಸವಿಲ್ಲ, ಎಡಗೈಗೆ ಗೇರಿಲ್ಲ. ಎರಡೂ ಬಂಧುಗಳ ಮನೆಗೆ ಬಂದ ಹುಡುಗರಂತೆ ಎಲ್ಲಿ ಇರಬೇಕೆಂದು ತಿಳಿಯದೆ ಚಡಪಡಿಸಿದವು. ಬೆಲ್ಟು ಸರಿಯಿಲ್ಲ ಎಂದು ಕಾರು ಕಿಣಿ ಅಂದಿತು. ಗೆರೆ ದಾಟಿದ ಎಂದು ಮತ್ತೆ ಕಿಣಿ. ಡಬ್ಬಿಯಲ್ಲಿ ಬ್ರೇಕನ್ನು ಮೂರು ಸಲ ತುಳಿದರೆ ಒಂದು ಸಲ ಹಿಡಿಯುತ್ತಿತ್ತು. ಆ ಅಭ್ಯಾಸದಲ್ಲಿ ಇಲ್ಲೂ ಮೂರು ಸಲ ತುಳಿದ. ಮಗಳ ಹಣೆ ಮೂರು ಸಲ ಮುಂದಕ್ಕೆ ಹೋಗಿ ಬಂತು.

ಆದರೂ ಕಾಲೇಜಿನ ಗೇಟಿನ ಎದುರಿಗೇ ನಿಲ್ಲಿಸಿದ. ಹಿಂದೆ ಶಾಲೆಗೆ ಬಿಡುವಾಗಲೇ ತಿರುವಿನ ಆಚೆಯೇ ಇಳಿಸು ಎಂಬ ಕರಾರಿತ್ತು. ಅವಳು ಇಳಿದಳು. ಮೂರು ಜನ ಗೆಳತಿಯರು ಬಂದರು. ನಕ್ಷೆಗಾರ ಬೆನ್ನು ನೆಟ್ಟಗೆ ಮಾಡಿ ಕೂತ.

ಅವರಲ್ಲೊಬ್ಬಳು ಕಾರಿನೊಳಗೆ ಇಣುಕಿ, ‘ಅಂಕಲ್, ಡಬ್ಬಿ ಎಲ್ಲಿ?’ ಎಂದು ಕೇಳಿದಳು. ಮುಂದಿನ ವಾರ ಎಲ್ಲರೂ ಸೇರಿ ಅದರ ಮುಂದೆ ಫೋಟೋ ತೆಗೆಸಿಕೊಳ್ಳಬೇಕೆಂದಿದ್ದರಂತೆ. ಅಂಥ ಕಾರು ಈಗ ಯಾರ ಮನೆಯಲ್ಲಿದೆ, ಹೊಸದು ಎಲ್ಲರ ಮನೆಯಲ್ಲೂ ಇದೆ ಎಂದು ಇನ್ನೊಬ್ಬಳು ಉಸಿರು ಬಿಟ್ಟಳು. ಡಬ್ಬಿ ಮಗಳು ಅನ್ನುವುದು ಬೈಗುಳವಲ್ಲ, ಹೊಟ್ಟೆಕಿಚ್ಚು ಎಂದು ನಕ್ಷೆಗಾರನಿಗೆ ಆಗ ತಿಳಿಯಿತು. ಅವನ ಮಗಳಿಗೂ ಆಗಷ್ಟೇ ತಿಳಿದಂತಿತ್ತು.

‘ಯಾಕಪ್ಪಾ ಮಾರಿದ್ರಿ?’ ಅಂದಳು.

‘ನೀನೇ ಹತ್ತೋಲ್ಲ ಅಂದಿದ್ಯಲ್ಲ.’

‘ಹತ್ತೋಲ್ಲ ಅಂದಿದ್ದೆ. ಮಾರಿ ಅಂದಿದ್ನಾ?’

ಕಚೇರಿಯಲ್ಲಿ ಕತೆ ಇದಕ್ಕಿಂತ ಕೆಟ್ಟದಾಗಿತ್ತು. ಹೊಸ ಕಾರಿನ ಸುತ್ತ ಜನ ಸೇರಿದರು, ಆದರೆ ಅದರ ಬಗ್ಗೆ ಮಾತಾಡಿದವರು ಯಾರೂ ಇಲ್ಲ. ಪ್ರತಿಯೊಬ್ಬನಿಗೂ ತನ್ನ ತಲೆಯಲ್ಲಿ ಓಡುವ ಒಂದು ಹಳೇ ಕಾರಿತ್ತು. ಪಂಪುಗಳ ಮೇಲ್ವಿಚಾರಕನಿಗೆ ಮಾವನ ಕಾರು, ಅದರ ಹಾರ್ನು ಎಮ್ಮೆ ಕರೆದಂತೆ ಕೇಳುತ್ತಿತ್ತಂತೆ. ಟೈಪಿಸ್ಟ್ ಅಕ್ಕನಿಗೆ ಅಪ್ಪನ ಕಾರು, ಬಾಗಿಲ ಹಿಡಿಕೆ ಕಿತ್ತುಬಂದಿದ್ದರಿಂದ ಅವಳ ಬಾಲ್ಯವೆಲ್ಲ ಕಿಟಕಿಯಿಂದ ಹತ್ತಿ ಇಳಿಯುವುದರಲ್ಲೇ ಕಳೆದಿತ್ತು. ವಿಭಾಗದ ಮುಖ್ಯಸ್ಥರು ಕಣ್ಣು ಮುಚ್ಚಿ, ಆ ಕಾಲದ ಕಾರಿನ ಬಾಗಿಲು ಹಾಕಿದರೆ ‘ಧಡ್’ ಅನ್ನುತ್ತಿತ್ತು, ಮರ್ಯಾದಸ್ಥ ಕೊಟ್ಟ ಮಾತಿನ ಹಾಗೆ, ಈಗಿನದು ‘ಪಿಚ್’ ಅನ್ನುತ್ತದೆ ಎಂದರು. ಹಾಗೆನ್ನುವಾಗ ನಕ್ಷೆಗಾರನ ಕಾರಿನ ಬಾಗಿಲನ್ನೇ ಎರಡು ಸಲ ತೆಗೆದು ಹಾಕಿ ತೋರಿಸಿದರು. ನಿನ್ನೆ ಸಂಜೆಯವರೆಗೆ ಡಬ್ಬಿಯನ್ನು ಕಂಡು ನಗುತ್ತಿದ್ದವರೆಲ್ಲ ಇವತ್ತು ಅದನ್ನು ಕ್ಲಾಸಿಕ್ ಎಂದು ಕರೆಯುತ್ತಿದ್ದರು. ಸತ್ತ ಮೇಲೆ ಸೋಮಾರಿಯೂ ಸಾಧು ಆಗುತ್ತಾನಲ್ಲ, ಹಾಗೆ.

‘ಅಂತೂ ಡಬ್ಬಿ ಹೊಸ ಕಾರು ತಂದ’ ಎಂದು ಮುಖ್ಯಸ್ಥರು ಮುಗಿಸಿದರು. ಕಾರು ಗುಜರಿಗೆ ಹೋಗಿತ್ತು, ಹೆಸರು ಹೋಗಿರಲಿಲ್ಲ.

ಆ ದಿನ ಅವನ ಪೆನ್ಸಿಲು ನೆಟ್ಟಗೆ ಹೋಗಲಿಲ್ಲ. ಒಂದು ಬಡಾವಣೆಯ ಕುಡಿಯುವ ನೀರನ್ನು ನೇರ ಸ್ಮಶಾನಕ್ಕೆ ತಿರುಗಿಸಿ, ಅಳಿಸಿ, ಮತ್ತೆ ಅಲ್ಲಿಗೇ ತಿರುಗಿಸಿದ. ಎದ್ದು ಕಿಟಕಿಗೆ ಹೋದ. ಕೂತ. ಮತ್ತೆ ಎದ್ದ. ಊಟದ ಹೊತ್ತಿಗೆ ತಡೆಯಲಾಗದೆ ಗುಜರಿಯವನಿಗೆ ಫೋನ್ ಮಾಡಿದ.

‘ನಿಮ್ಮ ಕಾರಾ? ಈಗಷ್ಟೇ ಹೋಯ್ತು ಸಾರ್’ ಅಂದ ಗುಜರಿಯವನು. ‘ಒಳ್ಳೇ ಗಾಡಿ. ಬ್ಯಾಟರಿಯಿಂದ ಬರೋ ಒಂದು ಗೇಣುದ್ದದ ವೈರ್ ಕೊಳೆತಿತ್ತು, ಬೇರೆ ಹಾಕಿದೆ. ಕೀ ಮುಟ್ಟಿದ್ರೆ ಸಾಕು, ಏಳುತ್ತೆ. ಯಾರೋ ಮೂರು ಜನ ಬಂದ್ರು, ಒಬ್ಬರ ಕುತ್ತಿಗೇಲಿ ಸೀಟಿ. ಸ್ಟಾರ್ಟ್ ಮಾಡಿ ತೋರಿಸ್ತೀನಿ ಅಂದ್ರೆ ಬೇಡ ಅಂದು ತಳ್ಕೊಂಡೇ ಹೋದ್ರು. ತಲೆ ಸರಿ ಇದೆಯಾ ಸಾರ್ ಅವರಿಗೆ?’

ನಕ್ಷೆಗಾರ ಫೋನ್ ಇಟ್ಟ. ಡಬ್ಬಿ ವಾಪಸ್ ಬರುತ್ತಿದೆ ಎಂಬುದಕ್ಕಿಂತ ಆ ಗೇಣುದ್ದದ ವೈರೇ ಅವನನ್ನು ಹೆದರಿಸಿತು. ಹನ್ನೆರಡು ವರ್ಷದ ಹಿಂದೆ, ಮೊದಲ ಸಲ ಕಾರು ಕೈಕೊಟ್ಟಾಗ, ಮೆಕ್ಯಾನಿಕ್ಕಿಗೆ ತೋರಿಸುತ್ತೇನೆ ಎಂದು ಅವನು ಹೊರಟಿದ್ದ. ತಡೆದವರು ಮಾಸ್ತರು. ‘ವೈರು ಗೀರು ಎಲ್ಲ ದಂಡ. ಇದು ಎಂಜಿನ್ನಿನ ಸ್ವಭಾವ. ಮನುಷ್ಯನ ಕೈ ಬೀಳದೆ ಈ ಜಾತಿ ಏಳಲ್ಲ’ ಎಂದಿದ್ದರು. ಬೀದಿಯಲ್ಲಿ ಕಾರಿನ ವಿಷಯಕ್ಕೆ ಅವರ ಮಾತೇ ಕೊನೆ. ಸ್ವಂತಕ್ಕೆ ಅವರು ಸೈಕಲ್ಲನ್ನೂ ಇಟ್ಟವರಲ್ಲ. ಈಗ ಕೀ ತಿರುಗಿಸಿದ ಕೂಡಲೇ ಡಬ್ಬಿ ಎದ್ದರೆ ಎಪ್ಪತ್ತು ದಾಟಿದ ಆ ಮನುಷ್ಯ ಯಾವ ಮುಖ ಇಟ್ಟುಕೊಂಡು ಬೀದಿಯಲ್ಲಿ ಓಡಾಡಬೇಕು?

ಸಂಜೆ ಮನೆ ತಲುಪಿದಾಗ ಗೇಟಿಗೆ ಅಡ್ಡವಾಗಿ ಡಬ್ಬಿ ನಿಂತಿತ್ತು, ತೊಳೆದು ಒರೆಸಿ, ಮದುಮಗನ ಅಜ್ಜನ ಹಾಗೆ. ಮೂವರೂ ಬೆವರಿನಲ್ಲಿ ತೊಯ್ದು ಹೊಳೆಯುತ್ತಿದ್ದರು. ಬೀದಿಯ ಅರ್ಧ ಜನ ಹೊರಗಿದ್ದರು. ಒಳಗೆ ಹೋಗಲು ದಾರಿಯಿಲ್ಲದೆ ನಕ್ಷೆಗಾರ ಹೊಸ ಕಾರನ್ನು ಸ್ವಲ್ಪ ಮುಂದೆ, ಬೀದಿ ಬಾಗುವಲ್ಲಿ, ಟೈಲರ್ ಅಂಗಡಿಯ ಎದುರು ನಿಲ್ಲಿಸಿ ಬಂದ. ಅವನ ಹೆಂಡತಿ ಮೆಟ್ಟಿಲ ಮೇಲೆ ನಿಂತು, ‘ನಿಮ್ಮ ಮೊದಲನೇ ಹೆಂಡತಿ ವಾಪಸ್ ಬಂದಿದ್ದಾಳೆ, ನೋಡ್ಕೊಳ್ಳಿ’ ಎಂದಳು.

ಗುಜರಿ ಅಂಗಡಿಯಿಂದ ಇಲ್ಲಿಯವರೆಗೂ ತಳ್ಳಿಕೊಂಡು ಬಂದೆವು, ಕೀ ಮುಟ್ಟಿಯೇ ಇಲ್ಲ, ಅದು ನಿನ್ನ ಹಕ್ಕು ಎಂದು ಟೈಲರ್ ಕೀಯನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ. ಮಗಳು ಫೋನ್ ಹಿಡಿದು ಚಿತ್ರ ತೆಗೆಯುತ್ತಿದ್ದಳು. ಬೆಳಗಿನ ಸಿಡುಕು ಅವಳ ಮುಖದಲ್ಲಿರಲಿಲ್ಲ.

‘ಹತ್ತು’ ಅಂದರು ಮಾಸ್ತರು. ‘ಬೆಳಿಗ್ಗೆಯದು ಬಾಕಿ ಇದೆ.’

ನಕ್ಷೆಗಾರ ಹತ್ತಿದ. ಕೀ ತೂರಿಸಿದ, ತಿರುಗಿಸಲಿಲ್ಲ. ತಿರುಗಿಸಿದವನಂತೆ ಭುಜ ಕುಣಿಸಿ, ತಲೆ ಹೊರಗೆ ಹಾಕಿ, ‘ಏಳ್ತಾ ಇಲ್ಲ, ಮೇಷ್ಟ್ರೇ’ ಅಂದ.

ಮಾಸ್ತರ ಮುಖ ಅರಳಿತು. ‘ನೋಡಿದ್ರಾ? ಗುಜರಿಯವನು ವೈರು ಅಂತಿದ್ದ. ನಾನು ಹೇಳಲಿಲ್ವಾ, ಇದು ಸ್ವಭಾವ ಅಂತ?’

ಮೂವರೂ ಓಡಿ ಹೋಗಿ ತಮ್ಮ ತಮ್ಮ ಜಾಗ ಹಿಡಿದರು. ಜನರೂ ಕೈ ಜೋಡಿಸಿದರು. ಅಪ್ಪಿತಪ್ಪಿ ಮೊಣಕಾಲು ತಗುಲಿ ಕೀ ತಿರುಗೀತೆಂದು ಹೆದರಿ, ವೇಗ ಬಂದ ಮೇಲೆ ಮತ್ತೆ ತೂರಿಸಿದರಾಯಿತು ಎಂದುಕೊಂಡು ನಕ್ಷೆಗಾರ ಅದನ್ನು ಎಳೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಸೀಟಿ ಕೇಳಿಸಿತು. ಡಬ್ಬಿ ಹೊರಟಿತು.

ಕೀ ತೆಗೆದರೆ ಆ ಕಾರಿನ ಸ್ಟೇರಿಂಗು ಬೀಗ ಹಾಕಿಕೊಳ್ಳುತ್ತದೆ ಎಂಬುದು ಅವನಿಗೆ ನೆನಪಾದದ್ದು ಬೀದಿ ಬಾಗಿದಾಗ. ಬೀದಿ ಬಾಗಿತು, ಕಾರು ಬಾಗಲಿಲ್ಲ. ಹೊಸ ಕಾರು ಎದುರಿಗೆ ದೊಡ್ಡದಾಗುತ್ತ ಬಂತು. ಕೀ ಜೇಬಿನಲ್ಲಿತ್ತು, ಜೇಬು ತೊಡೆಯ ಕೆಳಗೆ ಸಿಕ್ಕಿತ್ತು. ‘ನಿಲ್ಲಿಸಿ’ ಎಂದು ಕೂಗಿದ. ಹಿಂದೆ ಹತ್ತು ಜನ ತಲೆ ತಗ್ಗಿಸಿ ತಳ್ಳುತ್ತಿದ್ದರು, ಸೀಟಿ ಒಂದೇ ಸಮನೆ ಕೇಳಿಸುತ್ತಿತ್ತು. ಅವನು ಹುರಿದುಂಬಿಸುತ್ತಿದ್ದಾನೆಂದು ತಿಳಿದು ಇನ್ನೂ ಜೋರಾಗಿ ತಳ್ಳಿದರು. ಬ್ರೇಕು ತುಳಿದ. ಮತ್ತೆ ತುಳಿದ. ಮೂರನೆಯ ಸಲ ತುಳಿಯುವಷ್ಟರಲ್ಲಿ ಜಾಗ ಮುಗಿದಿತ್ತು.

ಸದ್ದು ಏನೂ ದೊಡ್ಡದಲ್ಲ. ಬಿಸ್ಕತ್ತಿನ ಟಿನ್ನನ್ನು ಯಾರೋ ತುಳಿದ ಹಾಗೆ.

ಎಲ್ಲರೂ ಮುಂದೆ ಬಂದರು. ಡಾಕ್ಟರು ಬಗ್ಗಿ ಡಬ್ಬಿಯ ಬಂಪರನ್ನು ಬೆರಳಿನಿಂದ ಸವರಿದರು. ‘ಒಂದು ಗೀಟು ಬಿದ್ದಿಲ್ಲ.’ ಆಮೇಲೆ ಹೊಸ ಕಾರಿನ ಕಡೆ ತಿರುಗಿದರು. ಅದರ ಈ ಬದಿಯ ಎರಡು ಬಾಗಿಲೂ ಒಳಕ್ಕೆ ಹೋಗಿದ್ದವು, ಹಲ್ಲು ಕಿತ್ತ ಬಾಯಿಯ ಕೆನ್ನೆಯ ಹಾಗೆ. ‘ಡಬ್ಬಿ ಅಂದ್ರೆ ಇದು’ ಎಂದರು.

ಹೊಸ ಕಾರು ಒಂದೇ ಸಮನೆ ಕಿಣಿ ಕಿಣಿ ಅನ್ನುತ್ತಿತ್ತು. ನಕ್ಷೆಗಾರ ಇಳಿದು ಅದರ ಮುಂದೆ ನಿಂತ. ಕೀ ಈಗ ತಾನಾಗಿ ಕೈಗೆ ಬಂದಿತ್ತು. ಟೈಲರ್ ಸಮಾಧಾನ ಹೇಳಿದ. ಡಬ್ಬಿಯನ್ನು ಹಿಂದಕ್ಕೆ ತಳ್ಳಬೇಕು, ಎಲ್ಲರೂ ಮುಂದಿನಿಂದ ಬನ್ನಿ ಎಂದು ಮಾಸ್ತರು ಆಜ್ಞೆ ಕೊಡತೊಡಗಿದರು. ಅಪ್ಪ ಹೊಸ ಕಾರಿನ ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದುದನ್ನು ಕಂಡು ಮಗಳಿಗೆ ಪಾಪ ಅನ್ನಿಸಿತು. ಇಷ್ಟು ವರ್ಷ ಕಾಲಿಡದಿದ್ದ ಕಾರಿನಲ್ಲಿ ಹೋಗಿ ಕೂತಳು. ‘ಸ್ಟೇರಿಂಗ್ ನಾನು ಹಿಡ್ಕೊತೀನಿ, ಬಿಡಿ’ ಎಂದು ಕಿಟಕಿಯಿಂದ ಕೈ ಚಾಚಿ ಅವನ ಬೆರಳುಗಳ ನಡುವಿನಿಂದ ಕೀ ತೆಗೆದುಕೊಂಡಳು.

‘ಬೇಡ’ ಅಂದ ನಕ್ಷೆಗಾರ.

ಅವಳು ತಿರುಗಿಸಿಯಾಗಿತ್ತು.

ಡಬ್ಬಿ ಕೆಮ್ಮಲಿಲ್ಲ, ತಡವರಿಸಲಿಲ್ಲ. ಒಂದೇ ಸಲಕ್ಕೆ ಎದ್ದು ಗುರ್ ಎಂದು ನಿಂತಿತು. ಕೈ ಚಾಚಿದ್ದವರೆಲ್ಲ ಚಾಚಿದಂತೆಯೇ ಇದ್ದರು. ಮಾಸ್ತರು ಕಾರನ್ನು ನೋಡಿದರು, ಆಮೇಲೆ ನಕ್ಷೆಗಾರನನ್ನು.

‘ಅಂದ್ರೆ ಏಳ್ತಿತ್ತು’ ಎಂದರು.

‘ಇಲ್ಲ ಮೇಷ್ಟ್ರೇ, ಅದು ಇವತ್ತು ವೈರು—’

‘ವೈರಲ್ಲ ಅಂತ ನನಗೆ ಗೊತ್ತು.’ ಅವರು ಕುತ್ತಿಗೆಯಿಂದ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. ‘ಹನ್ನೆರಡು ವರ್ಷ. ನಮ್ಮ ಕೈಲಿ ತಳ್ಳಿಸಿ ಒಳಗೆ ಕೂತು ನಗ್ತಿದ್ದೆ ಅನ್ನು.’

ಡಾಕ್ಟರು ಕನ್ನಡಕ ಹಾಕಿಕೊಂಡು ಹೊರಟರು. ಸೀಟಿನ ಕವರ್ ನಾಳೆ ಬಿಚ್ಚಿಕೊಂಡು ಹೋಗುತ್ತೇನೆ ಎಂದು ಟೈಲರ್ ಅಂಗಡಿಯ ಬಾಗಿಲು ಎಳೆದ. ಒಬ್ಬೊಬ್ಬರಾಗಿ ಎಲ್ಲರೂ ಮನೆ ಸೇರಿದರು. ಬೀದಿಯಲ್ಲಿ ಉಳಿದದ್ದು ಕಿಣಿ ಅನ್ನುವ ಕಾರೊಂದು, ಗುರ್ ಅನ್ನುವ ಕಾರೊಂದು, ನಡುವೆ ಅವನು.

‘ಅಪ್ಪಾ, ಆಫ್ ಮಾಡಲಾ?’ ಎಂದು ಮಗಳು ಕೇಳಿದಳು.

‘ಬೇಡ, ಇರಲಿ’ ಅಂದ ಡಬ್ಬಿ. ‘ಮತ್ತೆ ಏಳಲಿಲ್ಲ ಅಂದ್ರೆ ತಳ್ಳೋಕೆ ಯಾರೂ ಇಲ್ಲ.’