ಅವ್ವನ ಎಂ.ಎ., ನನ್ನ ಮೇಲ್ವಿಚಾರಣೆ

ಬೇರೆಯವರ ಮನೆಯಲ್ಲಿ ಮಕ್ಕಳು ಓದುತ್ತಾರೆ, ಅವ್ವ ಬೈಯುತ್ತಾಳೆ. ನಮ್ಮ ಮನೆಯಲ್ಲಿ ಅವ್ವ ಓದುತ್ತಾಳೆ, ನಾನು ಬೈಯುತ್ತೇನೆ. ಹೀಗೆ ಉಲ್ಟಾ ನಡೆಯುವ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿ ಆಗದಿದ್ದರೆ ನನಗೇ ಊಟ ಸೇರುವುದಿಲ್ಲ.

ವಿಷಯ ಇಷ್ಟೇ. ನಾನು ಹತ್ತನೇ ಕ್ಲಾಸಿನಲ್ಲಿ ಫೇಲಾಗಿ, ಗಣಿತಕ್ಕೂ ಇಂಗ್ಲಿಷಿಗೂ ಒಟ್ಟಿಗೇ ಕೈಮುಗಿದು ಮನೆಗೆ ಬಂದವಳು. ವಯಸ್ಸು ಹದಿನೇಳು. ಅವ್ವ ಬುಕ್ಕಸಾಗರದ ಕಡೆಯ ನಮ್ಮೂರಿನ ಅಂಗನವಾಡಿಯಲ್ಲಿ ಹದಿನೆಂಟು ವರ್ಷದಿಂದ ಟೀಚರು. ಅದರ ಪಕ್ಕದಲ್ಲೇ ಎಲ್‌ಕೆಜಿಗೆಂದು ಹೊಸ ಕೋಣೆ ಎದ್ದಿತು. 'ಶಿಶು ಶಿಕ್ಷಣದ ಎಂ.ಎ., ಜೊತೆಗೆ ಟೀಚರ್ ಸರ್ಟಿಫಿಕೇಟು ಇದ್ದರೆ ಆ ಕೋಣೆ ನಿಮ್ಮದು. ಇಲ್ಲದಿದ್ದರೆ ಹೊರಗಿನಿಂದ ಬೇರೆಯವರು ಬರುತ್ತಾರೆ' ಅಂದರು ಮೇಲಿನವರು. ಹದಿನೆಂಟು ವರ್ಷ ಊರಿನ ಮಕ್ಕಳ ಮೂಗು ಒರೆಸಿದವಳು ಅವ್ವ. ಅಷ್ಟು ಸುಲಭಕ್ಕೆ ಬಿಟ್ಟುಕೊಡುತ್ತಾಳೆಯೇ? ಟ್ರಂಕಿನ ತಳದಲ್ಲಿದ್ದ ಬಿ.ಎ. ಸರ್ಟಿಫಿಕೇಟು ಕೊಡವಿಕೊಂಡು ಹೊಸಪೇಟೆಯ ಒಂದು ಕಾಲೇಜಿನ ಶನಿವಾರ-ಭಾನುವಾರದ ಕ್ಲಾಸಿಗೆ ಸೇರಿದಳು. ನಾನು ಮನೆಯ ಹೆಡ್‌ಮಾಸ್ಟರಾಗಿ ನನ್ನನ್ನು ನಾನೇ ನೇಮಿಸಿಕೊಂಡೆ.

1. ಅಳುವ ಮಗು

ಆ ಕಾಲೇಜಿನಲ್ಲಿ ಮೊದಲು ಪಾಠ ಮಾಡುವುದು ಮಕ್ಕಳಿಗಲ್ಲ, ಒಬ್ಬರಿಗೊಬ್ಬರು. ಒಬ್ಬಾಕೆ ಟೀಚರು, ಉಳಿದ ಇಪ್ಪತ್ತು ಜನ ಹೆಂಗಸರು ನೆಲದ ಮೇಲೆ ಕೂತು ನಾಲ್ಕು ವರ್ಷದ ಮಕ್ಕಳಾಗಬೇಕು. ಅವತ್ತು ಟೀಚರಾಗುವ ಸರದಿ ಅವ್ವನದು. ಅವಳು ಮರೆತುಹೋದ ಬುತ್ತಿ ಕೊಡಲು ಹೋದ ನಾನು ಕಿಟಕಿಯಲ್ಲೇ ನಿಂತುಬಿಟ್ಟೆ.

ಸಂಡೂರಿನಿಂದ ಬರುವ ಒಬ್ಬಾಕೆಗೆ 'ಮೊದಲನೇ ದಿನ ಅಳುವ ಮಗು'ವಿನ ಪಾತ್ರ. ಆಕೆ ಕಾಲು ಬಡಿದು, ಕೂದಲು ಕೆದರಿಕೊಂಡು, 'ನಮ್ಮವ್ವ ಬೇಕು! ನಾ ನಮ್ಮವ್ವನ ಹತ್ರ ಹೋಗ್ತೀನಿ!' ಎಂದು ಕಟ್ಟಡ ಹಾರಿಹೋಗುವಂತೆ ಅಳುತ್ತಿದ್ದಳು. ಸರಿಯಾಗಿ ಆಗಲೇ ಆಕೆಯನ್ನು ಕರೆದೊಯ್ಯಲು ಗಂಡ ಬಂದ. ಗಣಿ ಲಾರಿ ಓಡಿಸುವ ಗಟ್ಟಿ ಆಳು. ಬಾಗಿಲಲ್ಲಿ ನಿಂತು ನೋಡಿದವನೇ ಚಪ್ಪಲಿ ಬಿಟ್ಟು ಅವ್ವನಿಗೆ ಕೈಮುಗಿದ.

'ಮೇಡಂ, ಮನಿ ಮಾತು ಇಲ್ಲಿತನ ಬಂತೇನ್ರಿ? ಹಬ್ಬಕ್ಕ ಎರಡು ದಿನ ತವರಿಗೆ ಕಳಸ್ತೀನಿ ಅಂದಿದ್ದೆ. ಆತು, ನಾಲ್ಕು ದಿನ ಕಳಸ್ತೀನಿ. ಅಳಬ್ಯಾಡ ಅನ್ರಿ.'

ಆಕೆ ಒಂದು ಕಣ್ಣು ತೆರೆದು ಗಂಡನನ್ನು ನೋಡಿದಳು. ಮತ್ತೆ ಮುಚ್ಚಿ ಇನ್ನೂ ಜೋರಾಗಿ ಶುರು ಮಾಡಿದಳು. ಮಾತು ಎಂಟು ದಿನಕ್ಕೆ ಬಂದಾಗ ಅಳು ನಿಂತಿತು.

ಮುಂದಿನ ಶನಿವಾರ ಅಳುವ ಮಗು ಯಾರಾಗಬೇಕು ಅನ್ನುವುದಕ್ಕೆ ಚೀಟಿ ಎತ್ತಬೇಕಾಯಿತಂತೆ.

2. ಅರ್ಥ ಆಗ್ತೈತಿ

ಅವ್ವನ ಪುಸ್ತಕದಲ್ಲಿ ಹೀಗೆ ಬರೆದಿತ್ತು: ಮಗುವಿಗೆ 'ಬ್ಯಾಡ' ಅನ್ನಬಾರದು. ಅದರ ಮನಸ್ಸು ನಮಗೆ ಅರ್ಥವಾಗಿದೆ ಎಂದು ಮೊದಲು ಹೇಳಬೇಕು. ಆಮೇಲೆ ಎರಡು ದಾರಿ ತೋರಿಸಿ, ಆರಿಸಿಕೋ ಅನ್ನಬೇಕು. ಅಂಗನವಾಡಿಗೆ ರಜೆ ಇದ್ದ ದಿನ ಬೇರೆ ಮಕ್ಕಳು ಸಿಗದೆ ಅವ್ವ ಇದನ್ನು ಅಪ್ಪನ ಮೇಲೆ ಹೂಡಿದಳು. ಅಪ್ಪ ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಗೇಟು ತಿರುಗಿಸುವ ಮನುಷ್ಯ. ನೀರು ಬಿಡು ಅಂದರೆ ಬಿಡುತ್ತಾನೆ, ನಿಲ್ಲಿಸು ಅಂದರೆ ನಿಲ್ಲಿಸುತ್ತಾನೆ, ಸುತ್ತುಬಳಸಿನ ಮಾತು ಗೊತ್ತಿಲ್ಲ.

'ಲೇ, ಇನ್ನೊಂದು ಕಪ್ ಚಾ ಕೊಡು' ಅಂದ.

ಅವ್ವ ಬಂದು ಅಪ್ಪನ ಮುಂದೆ ಮೊಣಕಾಲೂರಿ, ಕಣ್ಣಲ್ಲಿ ಕಣ್ಣಿಟ್ಟಳು. 'ನಿಮಗ ಇನ್ನೊಂದು ಚಾ ಕುಡೀಬೇಕಂತ ಭಾಳ ಆಸೆ ಆಗೈತಿ. ನನಗ ಅರ್ಥ ಆಗ್ತೈತಿ.'

'ಅರ್ಥ ಆತಲ್ಲ, ಕೊಡು.'

'ಸಿಗಲಿಲ್ಲಂತ ಬ್ಯಾಸರಾನೂ ಆಗೈತಿ.'

'ಇಷ್ಟೊತ್ತು ಆಗಿರಲಿಲ್ಲ. ಈಗ ಆಗಾಕತ್ತೈತಿ.'

'ಈಗ ನೀವಾ ಆರಿಸ್ಕೊರ್ರಿ. ನೀರು ಕುಡೀತೀರೋ, ಮಜ್ಜಿಗಿ ಕುಡೀತೀರೋ?'

ಅಪ್ಪ ಮಜ್ಜಿಗೆ ಕುಡಿದು ಎದ್ದುಹೋದ. ಸೋತ ಅಂದುಕೊಂಡೆ. ಒಂದು ವಾರದ ಮೇಲೆ ಅವ್ವ ಪುಸ್ತಕ ಹಿಡಿದು ಕೂತಿದ್ದಾಗ ಬಂದು, ಅವಳ ಮುಂದೆ ಮೊಣಕಾಲೂರಿದ.

'ನಿನಗ ಓದಾಕ ಮನಿ ಶಾಂತ ಇರಬೇಕು. ನನಗ ಅರ್ಥ ಆಗ್ತೈತಿ. ಕಂಪ್ಲಿಯಿಂದ ನನ್ನ ತಂಗಿ ಮಕ್ಕಳನ್ನ ಕರ್ಕೊಂಡು ಬರಾಕತ್ತಾಳ. ಈಗ ನೀನಾ ಆರಿಸ್ಕೊ. ಹದಿನೈದು ದಿನ ಇರಲೋ, ಒಂದು ತಿಂಗಳು ಇರಲೋ?'

3. ನಡುವೆ ಬಾಯಿ ಹಾಕಬಾರದು

ಒಂದು ಮಗುವನ್ನು ದೂರದಿಂದ ನೋಡಿ, ಅದು ಮಾಡಿದ್ದನ್ನೆಲ್ಲ ಗಂಟೆ-ನಿಮಿಷ ಹಾಕಿ ಬರೆಯಬೇಕು. ನಡುವೆ ಬಾಯಿ ಹಾಕಬಾರದು, ತಡೆಯಬಾರದು. ಇದು ಕಾಲೇಜಿನವರ ಕಟ್ಟುನಿಟ್ಟು. ಅವ್ವ ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗನನ್ನು ಆರಿಸಿಕೊಂಡು ಅವರ ಅಂಗಳದಲ್ಲಿ ನೋಟುಬುಕ್ಕು ಹಿಡಿದು ಕೂತಳು. ಹುಡುಗನ ತಾಯಿ, 'ಅಕ್ಕ ಅದಾಳಲ್ಲ, ನೋಡ್ಕೋತಾಳ' ಎಂದು ನೆಮ್ಮದಿಯಿಂದ ಕಾಲುವೆಗೆ ಬಟ್ಟೆ ಒಗೆಯಲು ಹೋದಳು.

ವಾಪಸು ಬಂದಾಗ ಅವಳ ಗಂಡನ ಹೊಸ ಫೋನು ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಮುಳುಗಿತ್ತು.

'ಅಕ್ಕಾ! ನೀ ಇಲ್ಲೇ ಕುಂತಿದ್ಯಲ್ಲ!'

'ಕುಂತಿದ್ದೆ. ಎಲ್ಲಾ ಬರ್ಕೊಂಡೀನಿ' ಎಂದು ಅವ್ವ ಓದಿ ಹೇಳಿದಳು. 'ಹನ್ನೊಂದು ಗಂಟೆ ಐದು ನಿಮಿಷ: ಮಗು ಫೋನನ್ನು ನೀರಿನಲ್ಲಿ ಬಿಟ್ಟು ಏನಾಗುತ್ತದೆಂದು ಗಮನಿಸಿತು. ಹನ್ನೊಂದು ಆರು: ಕೋಲಿನಿಂದ ಇನ್ನೂ ಆಳಕ್ಕೆ ತಳ್ಳಿತು. ವೈಜ್ಞಾನಿಕ ಮನೋಭಾವ ಚೆನ್ನಾಗಿದೆ.'

ಆ ಫೋನು ಮಗುವಿನ ಕೈಗೆ ಹೋಗಿದ್ದು ಹೇಗೆ ಅನ್ನುವುದು ರೆಕಾರ್ಡಿನಲ್ಲಿ ಇಲ್ಲ. ನಾನೂ ಹೇಳುವುದಿಲ್ಲ. ಅಪ್ಪ ಅದನ್ನು ರಿಪೇರಿ ಮಾಡಿಸಿಕೊಟ್ಟ. ಕಾಲೇಜಿನವರು ಆ ಪುಟಕ್ಕೆ 'ಉತ್ತಮ' ಎಂದು ಬರೆದರು. ಈಗಲೂ ಅವ್ವ ನೋಟುಬುಕ್ಕು ಹಿಡಿದು ಹೊರಬಿದ್ದರೆ ನಮ್ಮ ಓಣಿಯಲ್ಲಿ ಎಲ್ಲರೂ ಫೋನು ಅಟ್ಟದ ಮೇಲಿಡುತ್ತಾರೆ.

4. ಹೊಸ ಹುಡುಗ

ಕೊನೆಗೆ ಬಂತು ಪಾಠ ಪರೀಕ್ಷೆ. ಹೊರಗಿನಿಂದ ಒಬ್ಬ ಸಾಹೇಬರು ನಮ್ಮ ಅಂಗನವಾಡಿಗೇ ಬಂದು, ಅವ್ವ ಪಾಠ ಮಾಡುವುದನ್ನು ನೋಡಿ ಮಾರ್ಕ್ಸ್ ಹಾಕುತ್ತಾರೆ. ಇದರಲ್ಲಿ ಕೈತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಹೊಸ ಕೋಣೆ ಕಾಯುವುದಿಲ್ಲ.

ಅವ್ವನಿಗೆ ಪಾಠದ ಹೆದರಿಕೆ ಇರಲಿಲ್ಲ. 'ಆ ಸಾಹೇಬ್ರಿಗೆ ಇಷ್ಟುದ್ದ ಮೀಸಿ ಅದಾವಂತ. ನಮ್ಮ ಹುಡುಗ್ರು ಹೊಸಬರನ್ನ ಕಂಡ್ರ ಸೂಜಿ ಚುಚ್ಚಾಕ ಬಂದಾರಂತ ಅಳ್ತಾವ. ಒಂದು ಅತ್ತರ ಎಲ್ಲಾ ಅಳ್ತಾವ. ಮುಗೀತು ನನ್ನ ಎಂ.ಎ.' ಎಂದು ತಲೆ ಹಿಡಿದುಕೊಂಡಳು.

ಹೆಡ್‌ಮಾಸ್ಟರು ನಾನಿರುವಾಗ ಚಿಂತೆ ಯಾಕೆ? ಹಿಂದಿನ ದಿನ ಅವ್ವ ಅತ್ತ ಹೋದಾಗ ಮಕ್ಕಳನ್ನು ಗುಡ್ಡೆ ಹಾಕಿಕೊಂಡೆ. 'ನಾಳೆ ಒಬ್ಬ ಹೊಸ ಹುಡುಗ ಸೇರಾಕ ಬರ್ತಾನ. ಭಾಳ ಅಂಜುಬುರುಕ. ನೀವಾ ನೋಡ್ಕೋಬೇಕು.'

'ಎಷ್ಟು ದೊಡ್ಡಾವ?' ಎರಡು ಜಡೆಯ ಪುಟ್ಟಿಯೊಬ್ಬಳು ಕೇಳಿದಳು. ಅಲ್ಲಿಯ ಲೀಡರ್ ಅವಳೇ.

'ಸ್ವಲ್ಪ ದೊಡ್ಡಾವ. ಭಾಳ ವರ್ಷ ಮನ್ಯಾಗ ಕುಂದ್ರಿಸಿಬಿಟ್ಟಾರ.'

ಮರುದಿನ ಸಾಹೇಬರು ಬಂದರು. ಬೊಕ್ಕತಲೆ, ಮೀಸೆ, ಚರ್ಮದ ಬ್ಯಾಗು. ಒಂದು ಮಗುವೂ ಅಳಲಿಲ್ಲ. ಪುಟ್ಟಿ ಮುಂದೆ ಬಂದು ಮೇಲಿಂದ ಕೆಳಗೆ ನೋಡಿ, 'ಚಪ್ಪಲಿ ಅಲ್ಲಿ ಬಿಡು' ಅಂದಳು. ಸಾಹೇಬರು ಬೂಟು ಬಿಚ್ಚಿದರು. ಅವರ ಬೆರಳು ಹಿಡಿದು ಬಕೆಟ್ಟಿಗೆ ಒಯ್ದು ಕೈ ತೊಳೆಸಿ, ತನ್ನ ಲಂಗದಲ್ಲಿ ಒರೆಸಿದಳು. ಅವರು ಕುರ್ಚಿಯ ಕಡೆ ಹೊರಟರೆ, 'ಅದು ಟೀಚರ್‌ದು. ಚಾಪಿ ಮ್ಯಾಲೆ ಕುಂದ್ರು.' ಕೂತರು. ಪಕ್ಕದ ಹುಡುಗ ಅವರ ಬೆನ್ನು ಸವರಿ, 'ಅಳಬ್ಯಾಡಲೇ, ಮೊದ್ಲು ನಾನೂ ಅತ್ತಿದ್ದೆ' ಅಂದ.

ಪಾಠ ಇದ್ದದ್ದು ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಅಂತ. ಅವ್ವ ನೀರಿನ ಟಬ್ಬಿನ ಮುಂದೆ ಕಲ್ಲು ಹಿಡಿದು ಕಲ್ಲಿನಂತೆಯೇ ನಿಂತಳು.

'ಟೀಚರ್, ಕಲ್ಲು ಬಿಡ್ರಿ. ಪಾಪ, ಅವನಿಗೆ ಗೊತ್ತಿಲ್ಲ' ಅಂದಳು ಪುಟ್ಟಿ.

ಕಲ್ಲು ಬಿತ್ತು, ಮುಳುಗಿತು. 'ಯಾಕ ಮುಳುಗ್ತು, ಹೇಳು?' ಮಕ್ಕಳೆಲ್ಲ ಸಾಹೇಬರನ್ನು ಕೇಳಿದರು.

'ಭಾರ ಐತಿ, ಅದಕ್ಕ.'

'ಹಂಗಾರ ಕುಂಬಳಕಾಯಿ?'

'ಅದು ಇನ್ನೂ ಭಾರ. ಮುಳುಗ್ತೈತಿ' ಅಂದರು ಸಾಹೇಬರು, ಧೈರ್ಯವಾಗಿ.

ಅವ್ವ ಕುಂಬಳಕಾಯಿ ಬಿಟ್ಟಳು. ತೇಲಿತು. ಕೋಣೆಗೆ ಕೋಣೆಯೇ ಕುಣಿಯಿತು. ಪುಟ್ಟಿ ಸಾಹೇಬರ ಬೊಕ್ಕತಲೆ ಸವರಿ, 'ಇರ್ಲಿ ಬಿಡು, ಮೊದಲನೇ ದಿನ' ಅಂದಳು. ಅವ್ವನಿಗೆ ನಗು ಉಕ್ಕಿ ಬಂತು, ನಗುವಿನ ಹಿಂದೆಯೇ ಮಾತೂ ಬಂತು. ಆಮೇಲೆ ಅರ್ಧ ಗಂಟೆ ಅವಳು ಮಾಡಿದ ಪಾಠ ಹೇಗಿತ್ತೆಂದರೆ, ಕಿಟಕಿಯಲ್ಲಿದ್ದ ನನಗೂ ಅರ್ಥವಾಯಿತು.

ಪಾಠ ಮುಗಿದು ಸಾಹೇಬರು ಬ್ಯಾಗು ಎತ್ತಿಕೊಂಡು ಹೊರಟರು. ಪುಟ್ಟಿ ಬಾಗಿಲಿಗೆ ಅಡ್ಡ ನಿಂತಳು. 'ಎಲ್ಲಿ ಹೊಂಟಿ? ನಿಮ್ಮ ಮನಿಯವ್ರು ಬಂದಿಲ್ಲ.'

ಮನೆಯವರು ಬಂದು ಕೈ ಹಿಡಿಯದೆ ಯಾವ ಮಗುವೂ ಹೊಸ್ತಿಲು ದಾಟಬಾರದು. ಇದು ಅವ್ವನ ಕಾಯಿದೆ.

'ಬಿಡವ್ವಾ, ಅವರು ಸಾಹೇಬ್ರು' ಎಂದಳು ಅವ್ವ.

'ಯಾರು ಏನಂದ್ರೂ ಬಿಡಬ್ಯಾಡ ಅಂತ ನೀವಾ ಹೇಳೀರಿ, ಟೀಚರ್.'

'ನಮ್ಮವ್ವಗ ಎಂಬತ್ತು ವರ್ಷ ಆಗೈತಮ್ಮ, ಆಕಿ ಹೆಂಗ ಬರ್ತಾಳ?' ಸಾಹೇಬರು ಬೇಡಿಕೊಂಡರು. ಅಷ್ಟರಲ್ಲಿ ಹೊಸಪೇಟೆ ಬಸ್ಸಿನ ಹಾರ್ನ್ ಕೇಳಿತು. ಅವರ ಕಣ್ಣು ಕಿಟಕಿಯಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದ ನನ್ನ ಮೇಲೆ ಬಿತ್ತು. 'ಏ ಹುಡುಗಿ, ಬಾರವ್ವ ಇಲ್ಲಿ!'

ನಾನು ಒಳಗೆ ಹೋಗಿ ಗಂಭೀರವಾಗಿ ನಿಂತೆ. 'ನಾ ಇವನ ಅಕ್ಕ. ಕರ್ಕೊಂಡು ಹೋಗಾಕ ಬಂದೀನಿ.'

ಪುಟ್ಟಿ ಸಾಹೇಬರ ಕೈಯನ್ನು ನನ್ನ ಕೈಯಲ್ಲಿಟ್ಟು ದಾರಿ ಬಿಟ್ಟಳು.

ಗೇಟಿನ ಹತ್ತಿರ ಮಾತ್ರ ನನ್ನ ಧೈರ್ಯ ಸ್ವಲ್ಪ ಇಳಿಯಿತು. 'ಸರ್, ಇದೆಲ್ಲಾ ಮಾಡಿದ್ದು ನಾನಾ. ಅವ್ವಗ ಏನೂ ಗೊತ್ತಿಲ್ಲ. ಆಕೀನ ಫೇಲ್ ಮಾಡಬ್ಯಾಡ್ರಿ. ನಮ್ಮ ಮನಿಗೆ ನಾ ಒಬ್ಬಾಕಿ ಸಾಕು.'

ಅವರು ಮೀಸೆಯಲ್ಲೇ ನಕ್ಕರು. 'ಮಾರ್ಕ್ಸ್ ಹೇಳಂಗಿಲ್ಲಮ್ಮ. ಪಕ್ಕದ ಆ ಹೊಸ ಕೋಣಿಗೆ ಯಾವ ಬಣ್ಣ ಹಚ್ಚಬೇಕಂತ ನಿಮ್ಮವ್ವಗ ಈಗಿಂದಾನ ವಿಚಾರ ಮಾಡಾಕ ಹೇಳು.'

ಹಾಗೆಂದು ನನ್ನ ಕೈ ಬಿಡಿಸಿಕೊಂಡು ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟಿದ್ದರು. ಹಿಂದಿನಿಂದ ಕೂಗು ಬಂತು: 'ಏ! ರಸ್ತೆ ಮ್ಯಾಲೆ ಅಕ್ಕನ ಕೈ ಬಿಡ್ತಾರೇನಲೇ?'

ಸಾಹೇಬರು ಗಕ್ಕನೆ ನಿಂತರು, ತಿರುಗಿ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲಲ್ಲಿದ್ದ ಪುಟ್ಟಿಗೆ, 'ತಪ್ಪಾತ್ರಿ ಟೀಚರ್' ಅಂದರು.