ನೇರಳೆ ಬೆಳಕೂ ನನ್ನ ತಲೆಯೂ

ಸಂಸಾರದ ಸುಖವೆಲ್ಲ ಒಂದು ರಬ್ಬರ್ ಬಳೆಯ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ನಂಬಿಕೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದ ದಿನ ನಮ್ಮ ಮನೆಯಲ್ಲಿ ಸೀಟಿ ಹೊಡೆಯುವುದು ಕುಕ್ಕರಲ್ಲ, ನನ್ನ ಹೆಂಡತಿ ಶೈಲಜಾ. "ಊರ ಮಂದಿ ಮಷೀನೆಲ್ಲಾ ರಿಪೇರಿ ಮಾಡ್ತೀರಿ, ಮನ್ಯಾಗಿನ ಕುಕ್ಕರ್ ಮಾತ್ರ ನಿಮ್ಮ ಕಣ್ಣಿಗೆ ಬೀಳೂದಿಲ್ಲ ನೋಡ್ರಿ" ಎನ್ನುತ್ತಾಳೆ. ಮಾತು ಸುಳ್ಳಲ್ಲ. ಮುಂಬಯಿಯ ಕಾಲೇಜು ಲ್ಯಾಬುಗಳಲ್ಲಿರುವ ಪ್ಲಾಸ್ಮಾ ಯಂತ್ರಗಳ ಸರ್ವಿಸಿಂಗ್ ನನ್ನ ಹೊಟ್ಟೆಪಾಡು. ಪ್ಲಾಸ್ಮಾ ಎಂದ ಕೂಡಲೇ ನೆಂಟರು ನನ್ನನ್ನು ಬ್ಲಡ್ ಬ್ಯಾಂಕಿನವನೆಂದು ತಿಳಿದು ತಮ್ಮ ರಕ್ತದ ರಿಪೋರ್ಟ್ ತಂದು ತೋರಿಸುತ್ತಾರೆ. ನಾನೂ ಗಂಭೀರವಾಗಿ ನೋಡಿ, ಎಣ್ಣೆ ಪದಾರ್ಥ ಕಡಿಮೆ ಮಾಡಿ ಎಂದು ಹೇಳಿ ಕಳಿಸುತ್ತೇನೆ.

ನನ್ನ ಯಂತ್ರದ ಕೆಲಸ ಬೇರೆ. ಅದರ ಡಬ್ಬಿಯೊಳಗಿನ ಗಾಳಿಯನ್ನು ಪಂಪು ಹೊರಗೆಳೆಯುತ್ತದೆ. ತುಸು ಆರ್ಗಾನ್ ಅನಿಲ ಬಿಟ್ಟು ಕರೆಂಟು ಕೊಟ್ಟರೆ ಒಳಗೆ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಆ ಬೆಳಕಿನಲ್ಲಿಟ್ಟ ಗಾಜಿನ ಚೂರು ಯಾವ ಸೋಪಿಗೂ ಆಗದಷ್ಟು ಸ್ವಚ್ಛವಾಗುತ್ತದೆ. ಬೆಳಕು ಗುಲಾಬಿಗೆ ತಿರುಗಿತೋ, ಎಲ್ಲೋ ಹೊರಗಿನ ಗಾಳಿ ನುಸುಳುತ್ತಿದೆ ಎಂದರ್ಥ. ಬಾಗಿಲಿನ ರಬ್ಬರ್ ಬಳೆಯ ಮೇಲೆ ಒಂದು ಕೂದಲೆಳೆ ಬಿದ್ದರೂ ಸಾಕು. ಹೀಗಾಗಿ ಹೋದ ಹೋದ ಲ್ಯಾಬಿನಲ್ಲಿ ಕೂದಲಿನ ಬಗ್ಗೆ ಉಪನ್ಯಾಸ ಕೊಡುವುದು ನನಗೆ ಚಟವಾಗಿತ್ತು.

ಮೊನ್ನೆ ಬೆಳಿಗ್ಗೆ ಶಬಾನಾ ಫೋನು ಮಾಡಿದಳು. ಅವಳ ಮನೆಯವರು ವಿಜಯಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಕುರ್ಲಾದಲ್ಲಿ, ನಾನು ಸರ್ವಿಸ್ ಮಾಡುವ ಒಂದು ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ನನ್ನ ಜೊತೆ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಾಳೆ. "ಅಂಕಲ್, ಲೈಟ್ ಪಿಂಕ್ ಆಗೇದ. ನಾಳೆ ದೊಡ್ಡ ಮೈಕ್ರೋಸ್ಕೋಪ್‌ದಾಗ ನನ್ನ ನಂಬರ್ ಅದ. ಇವತ್ತು ಸ್ಯಾಂಪಲ್ ಕ್ಲೀನ್ ಆಗ್ಲಿಲ್ಲಂದ್ರ ನಂಬರ್ ಹೋಯ್ತು, ಫಿರ್ ಆರು ತಿಂಗಳು ಕಾಯಬೇಕು" ಎಂದಳು. ದನಿ ಅಳುವಂತಾಗಿತ್ತು. ನಾನು ತಿನ್ನುತ್ತಿದ್ದ ಅವಲಕ್ಕಿ ಬಿಟ್ಟು ಓಡಿದೆ.

ಹೋದವನೇ ಉಪನ್ಯಾಸ ಶುರುಮಾಡಿದೆ. ಕೂದಲು ಉದುರದಂತೆ ನೋಡಿಕೋ ಎಂದು ನಾನು ಬುದ್ಧಿ ಹೇಳುತ್ತಿದ್ದದ್ದು ತಲೆಗೆ ಸ್ಕಾರ್ಫ್ ಸುತ್ತಿ, ಅದರ ಮೇಲೆ ಲ್ಯಾಬಿನ ಟೋಪಿಯನ್ನೂ ಹಾಕಿಕೊಂಡ ಹುಡುಗಿಗೆ. ಅವಳು ಪಾಪ, "ಹೌದ್ರಿ ಅಂಕಲ್" ಎಂದು ತಲೆಯಾಡಿಸಿದಳು. ಪಂಪಿನ ಎಣ್ಣೆ ಬದಲಿಸಿದೆ, ಪೈಪು ಬಿಚ್ಚಿ ಒರೆಸಿದೆ, ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ. ಬೆಳಕು ಗುಲಾಬಿಯೇ. ಬಾಗಿಲಿನ ಬಳೆಯನ್ನು ಮಾತ್ರ ಮುಟ್ಟಲಿಲ್ಲ. ಹಿಂದಿನ ಸರ್ವಿಸಿನಲ್ಲಿ ಅದನ್ನು ಸ್ವತಃ ನಾನೇ ಕೂರಿಸಿದ್ದೆ, ಅದರ ಮೇಲೆ ಅನುಮಾನ ಪಡುವುದಾದರೂ ಹೇಗೆ? ಕೊನೆಗೆ ಶಬಾನಾಳೇ ಸಂಕೋಚದಿಂದ, "ಅಂಕಲ್, ಒಂದ್ಸಲ ಅದೂ ನೋಡೂಣೇನ್ರಿ?" ಎಂದಳು.

ತೆಗೆದರೆ, ಗ್ರೀಸಿನಲ್ಲಿ ಒಂದು ಕೂದಲು ಆರಾಮಾಗಿ ಮಲಗಿತ್ತು. "ನೋಡಿದೆಯಾ, ನಾನು ಹೇಳಲಿಲ್ಲವೇ?" ಎಂದು ಗೆದ್ದವನಂತೆ ಬೀಗಿದೆ. ಅವಳು ಅದನ್ನು ಚಿಮಟದಲ್ಲಿ ಹಿಡಿದು ಭೂತಗನ್ನಡಿಯ ಕೆಳಗಿಟ್ಟಳು. "ಅಜೀಬ್ ಅದ ಅಂಕಲ್. ಇಷ್ಟೂ ಕಪ್ಪು, ಬುಡದಾಗ ಮಾತ್ರ ಬಿಳಿ" ಎಂದವಳು ತಲೆಯೆತ್ತಿ ನನ್ನ ಬೈತಲೆಯನ್ನು ನೋಡಿ ತಟ್ಟನೆ ಭೂತಗನ್ನಡಿಯನ್ನು ಪಕ್ಕಕ್ಕಿಟ್ಟಳು. ಆ ಲ್ಯಾಬಿನಲ್ಲಿ ತಲೆಗೆ ಡೈ ಹಚ್ಚುವವನು ನಾನೊಬ್ಬನೇ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಎಸಿಯಿಂದ ಬಂದಿರಬೇಕು" ಎಂದಳು ಶಬಾನಾ, ಕಿಟಕಿಯ ಕಡೆ ನೋಡುತ್ತ. "ಎಸಿಯಿಂದಲೇ" ಎಂದೆ ನಾನು.

ಬಳೆ ಒರೆಸಿ ಕೂರಿಸಿ ಗುಂಡಿ ಒತ್ತಿದೆ. ಯಂತ್ರದ ಕಿಂಡಿಯಲ್ಲಿ ಬೆಳಕು ಮಿಣುಕಿತು, ಸ್ಥಿರವಾಯಿತು, ಅಪ್ಪಟ ನೇರಳೆ. ಶಬಾನಾ ಕುಣಿಯುವುದೊಂದು ಬಾಕಿ. ನನಗೂ ಮಾನ ಹೋದದ್ದು ಮರೆತೇ ಹೋಗುವಷ್ಟು ಖುಷಿಯಾಯಿತು. ಹೊರಡುವಾಗ ಅವಳು ಒಂದು ಲ್ಯಾಬ್ ಟೋಪಿ ಕೈಗಿತ್ತು, "ಮುಂದಿನ ಸಲ ಹಾಕ್ಕೊಳ್ರಿ ಅಂಕಲ್. ನಮ್ಮ ಎಸಿ ಭಾಳ ಕೂದಲಾ ಉದುರಿಸ್ತದ" ಎಂದಳು, ಒಂದಿಷ್ಟೂ ನಗದೆ.

ಅಲ್ಲೇ ತಲೆಗೇರಿಸಿದ ಟೋಪಿಯನ್ನು ತೆಗೆಯುವುದು ಮರೆತು ದಾದರಿನಲ್ಲಿ ಲೋಕಲ್ ಹತ್ತಿದೆ. ಒಬ್ಬ ತರುಣ ಎದ್ದು ನಿಂತು, "ಬಸಾ, ಆಜೋಬಾ" ಎಂದು ಸೀಟು ಬಿಟ್ಟುಕೊಟ್ಟ. ಕೂತ ಮೇಲೆ ಹೊಳೆಯಿತು: ನನ್ನ ತಲೆಯ ಒಂದು ಕೂದಲೂ ಹೊರಗೆ ಕಾಣುತ್ತಿರಲಿಲ್ಲ. ಹಾಗಿದ್ದ ಮೇಲೆ ನಾನು ಅಜ್ಜ ಎಂದು ಅವನಿಗೆ ಹೇಗೆ ತಿಳಿಯಿತು? ಮನೆಗೆ ಬಂದು ಶೈಲಜಾಳನ್ನು ಕೇಳಿದೆ. ಅವಳು ಕುಕ್ಕರಿನ ಗ್ಯಾಸ್ಕೆಟನ್ನು ನನ್ನ ಕೈಗೆ ಕೊಟ್ಟು, "ಮಾರಿ ಮ್ಯಾಲಿನ ಸುಕ್ಕು ಮುಚ್ಚಲಿಕ್ಕೂ ಒಂದು ಟೋಪಿ ಇಸಗೊಂಡು ಬರಬೇಕಿತ್ತ್ರಿ" ಎಂದಳು.